ನನ್ನ ನಾಯಕನಿಗೆ ಯಾರ ಮೇಲೂ ಮಮತೆಯಿಲ್ಲ, ಇದು ತಪ್ಪೇ?

ಪ್ರಶ್ನೆ: ಮೇಡಂ, ನಾನು ದಾವಣಗೆರೆ ಕಡೆಯವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಜಪಾನಿನ ಇಸೆಕೈ ಕತೆಗಳೆಂದರೆ ಹುಚ್ಚು. ಅದೇ, ನಮ್ಮ ಲೋಕದಲ್ಲಿ ಸತ್ತವನೋ ಮಾಯವಾದವನೋ ಇನ್ನೊಂದು ಲೋಕದಲ್ಲಿ ಕಣ್ಣುಬಿಡುವ ಕತೆಗಳು. ‘ಓವರ್‌ಲಾರ್ಡ್’, ‘ಯೋಜೋ ಸೆಂಕಿ’ ಎರಡನ್ನೂ ಮತ್ತೆ ಮತ್ತೆ ಓದಿದ್ದೇನೆ. ಅದೇ ಧಾಟಿಯಲ್ಲಿ ಕನ್ನಡದಲ್ಲೊಂದು ಧಾರಾವಾಹಿ ಬರೆಯುತ್ತಿದ್ದೇನೆ. ನಾಯಕ ತಾಲ್ಲೂಕು ಕಚೇರಿಗಳ ಲೆಕ್ಕ ತಪಾಸಣೆ ಮಾಡುತ್ತಿದ್ದ ಆಡಿಟರ್. ಬಸ್ ಅಪಘಾತದಲ್ಲಿ ಸತ್ತು, ರಾಜರು ಮಾಂತ್ರಿಕರು ಇರುವ ನಾಡಿನಲ್ಲಿ ಏಳುತ್ತಾನೆ. ಅಲ್ಲಿನ ಕಣಜಗಳ ಲೆಕ್ಕ ಸರಿಮಾಡುತ್ತ ಹೋಗಿ ರಾಜ್ಯವನ್ನೇ ಬದಲಿಸುತ್ತಾನೆ. ಆದರೆ ಅವನಿಗೆ ಯಾರ ಮೇಲೂ ಪ್ರೀತಿಯಿಲ್ಲ, ಸಿಟ್ಟೂ ಇಲ್ಲ. 22ನೇ ಕಂತಿನಲ್ಲಿ ಅವನಿಗೆ ಮೊದಲು ಆಶ್ರಯ ಕೊಟ್ಟ ಊರಗೌಡ ಸಾಯುತ್ತಾನೆ. ನಾಯಕ ಹೆಣ ನೋಡಿ ‘ಸರಿ, ಮುಂದೆ?’ ಅನ್ನುತ್ತಾನೆ. ಅಲ್ಲಿಂದ ಬೈಗುಳ ಶುರು. ‘ಇವನು ಮನುಷ್ಯನಾ, ಎಕ್ಸೆಲ್ ಶೀಟಾ?’ ಅಂತ ಒಬ್ಬರು. ‘ಇದು ಗೀತೆಯ ನಿರ್ಲಿಪ್ತತೆ, ನಿಮಗೆ ಅರ್ಥವಾಗಲ್ಲ’ ಅಂತ ನನ್ನ ಪರ ವಾದಿಸಲು ಬಂದ ಇನ್ನೊಬ್ಬರು. ಅಕ್ಕ ಬೇರೆ, ‘ಇಂಥದ್ದೇ ಓದಿ ಓದಿ ನೀನೂ ಹಾಗೇ ಆಗ್ತಿದ್ದೀಯ’ ಅನ್ನುತ್ತಾಳೆ. ನಾಯಕನನ್ನು ಸ್ವಲ್ಪ ಮೆತ್ತಗೆ ಮಾಡಲೇ? ಏನನ್ನೂ ಹಚ್ಚಿಕೊಳ್ಳದವನು ಲೋಕವನ್ನೇ ಬದಲಿಸುವುದು ನಂಬುವಂಥದ್ದೇ? ಇನ್ನೊಂದು ವಿಷಯ: ಮುಂದೆ ಅವನು ಇಬ್ಬರು ಗುಲಾಮರನ್ನು ಕೊಳ್ಳುವ ಪ್ರಸಂಗವಿದೆ. ಜಪಾನಿ ಕತೆಗಳಲ್ಲಿ ಇದು ಮಾಮೂಲು. ಬರೆಯಬಹುದೇ?

ಉತ್ತರ: ಮೊದಲು ನಿಮ್ಮ ಅಕ್ಕನ ಮಾತು ಮುಗಿಸಿಬಿಡೋಣ. ಕಲ್ಲುಮನಸ್ಸಿನ ನಾಯಕನನ್ನು ಓದಿದವರು ಕಲ್ಲಾಗುವುದಾದರೆ, ಪತ್ತೇದಾರಿ ಕಾದಂಬರಿ ಓದಿ ಬೆಳೆದ ನಮ್ಮ ಹಿಂದಿನ ತಲೆಮಾರೆಲ್ಲ ಜೈಲಿನಲ್ಲಿರಬೇಕಿತ್ತು. ನೀವು ಫೋನ್ ಎತ್ತುತ್ತಿಲ್ಲ ಅನ್ನುವುದನ್ನು ಅವರು ಸುತ್ತುಬಳಸಿ ಹೇಳುತ್ತಿರಬಹುದು. ಮಾತಾಡಿಸಿ.

ಉಳಿದದ್ದು ಬರವಣಿಗೆಯ ಪ್ರಶ್ನೆ. ನಾಯಕ ಯಾರನ್ನೂ ಹಚ್ಚಿಕೊಳ್ಳದಿದ್ದರೆ ಓದುಗರು ಅವನನ್ನು ಹಚ್ಚಿಕೊಳ್ಳುವುದಿಲ್ಲ. ಹಚ್ಚಿಕೊಂಡುಬಿಟ್ಟರೆ ನಿಮಗೆ ಇಷ್ಟವಾದ ಕತೆಯೇ ಕೈತಪ್ಪಿಹೋಗುತ್ತದೆ. ನಿಮ್ಮ ಸಂಕಟ ಇದು ಅಂದುಕೊಂಡಿದ್ದೇನೆ. ಧಾರಾವಾಹಿಗಳ ಹಸ್ತಪ್ರತಿ ತಿದ್ದುವುದು ನನ್ನ ವೃತ್ತಿ. ಈಚೆಗೆ ಇಂಥ ನಾಯಕರು ನನ್ನ ಮೇಜಿಗೆ ಸಾಲುಗಟ್ಟಿ ಬರುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಸೋಲುವುದನ್ನು ನೋಡಿದ್ದೇನೆ, ಸೋಲಿಗೆ ಕಾರಣವೂ ಹೆಚ್ಚುಕಡಿಮೆ ಒಂದೇ: ಅವರಿಗೆ ಏನೂ ಬೇಕಾಗಿರುವುದಿಲ್ಲ. ಮಮತೆ ಇಲ್ಲದಿರುವುದು ಬೇರೆ, ಏನೂ ಬೇಡವಾಗಿರುವುದು ಬೇರೆ. ನೀವು ಮೆಚ್ಚಿದ ಜಪಾನಿ ಕತೆಗಾರರು ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲರು.

‘ಓವರ್‌ಲಾರ್ಡ್’ ನಿಮಗೆ ಬಾಯಿಪಾಠ ಇರುತ್ತದೆ, ಓದದವರಿಗಾಗಿ ಎರಡು ಮಾತು. ಕುಗಾನೆ ಮಾರುಯಾಮಾ 2010ರಲ್ಲಿ ಅಂತರ್ಜಾಲದಲ್ಲಿ ಕಂತುಗಳಾಗಿ ಶುರುಮಾಡಿದ ಕತೆ ಇದು. 2012ರಿಂದ ಪುಸ್ತಕವಾಯಿತು, 2015ರಲ್ಲಿ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ, ಬಂತು. ಸುಜುಕಿ ಸಾತೋರು ಒಬ್ಬ ಒಂಟಿ ನೌಕರ. ವರ್ಷಗಟ್ಟಲೆ ಆಡಿದ ಆನ್‌ಲೈನ್ ಆಟದ ಸರ್ವರ್ ಮುಚ್ಚುವ ರಾತ್ರಿ, ಕೊನೆಯ ಕ್ಷಣದವರೆಗೂ ಲಾಗೌಟ್ ಆಗದೆ ಕೂತಿರುತ್ತಾನೆ. ಹೊತ್ತು ಮೀರಿದರೂ ಆಟ ಮುಗಿಯುವುದಿಲ್ಲ. ಆಟದಲ್ಲಿ ತೊಟ್ಟಿದ್ದ ಅಸ್ಥಿಪಂಜರದ ಮಾಂತ್ರಿಕ ವೇಷವೇ ಮೈಯಾಗಿ, ನಜಾರಿಕ್ ಎಂಬ ಭೂಗತ ಗೋರಿಕೋಟೆಯ ಸಮೇತ ಬೇರೆ ಲೋಕಕ್ಕೆ ಬಂದುಬಿಟ್ಟಿರುತ್ತಾನೆ. ಸತ್ತ ದೇಹ, ಹಾಗಾಗಿ ಭಾವನೆ ಒಂದು ಮಟ್ಟ ಮೀರಿದರೆ ತಾನಾಗಿ ತಣ್ಣಗಾಗುತ್ತದೆ.

ದೂರದ್ದನ್ನು ತೋರಿಸುವ ಮಾಯಾಕನ್ನಡಿಯಲ್ಲಿ ಅವನಿಗೆ ಕಾರ್ನೆ ಎಂಬ ಹಳ್ಳಿ ಕಾಣುತ್ತದೆ. ಕವಚ ತೊಟ್ಟವರು ರೈತರನ್ನು ಕಡಿದು ಹಾಕುತ್ತಿದ್ದಾರೆ. ಅವನಿಗೆ ಏನೂ ಅನ್ನಿಸುವುದಿಲ್ಲ, ಅನ್ನಿಸುತ್ತಿಲ್ಲವಲ್ಲ ಅನ್ನುವುದೇ ಅವನಿಗೆ ವಿಚಿತ್ರ. ಬಿಟ್ಟುಬಿಡೋಣ ಎಂದುಕೊಂಡವನಿಗೆ ಹಿಂದೆ ನಿಂತಿರುವ ಬಟ್ಲರ್ ಸೆಬಾಸ್ ಕಣ್ಣಿಗೆ ಬೀಳುತ್ತಾನೆ. ಸೆಬಾಸನನ್ನು ರೂಪಿಸಿದ್ದು ಟಚ್ ಮಿ ಎಂಬ ಹೆಸರಿನ ಹಳೆಯ ಜೊತೆ ಆಟಗಾರ. ಕಷ್ಟದಲ್ಲಿರುವವರಿಗೆ ನೆರವಾಗುವುದು ಹೇಳಿಸಿಕೊಂಡು ಮಾಡುವ ಕೆಲಸವಲ್ಲ ಎಂದು ನಂಬಿದ್ದವನು, ಒಂದು ಕಾಲದಲ್ಲಿ ಸಾತೋರುವಿಗೂ ಹಾಗೇ ನೆರವಾದವನು. ಆ ಋಣ ನೆನಪಾಗಿ ಸಾತೋರು ಹಳ್ಳಿಗೆ ಹೋಗುತ್ತಾನೆ. ಸಾಯುತ್ತಿರುವ ರೈತರ ಮುಖ ನೋಡಿ ಅವನ ಕಾಲು ಏಳಲಿಲ್ಲ, ಎಂದೋ ಆಟ ಬಿಟ್ಟುಹೋದ ಗೆಳೆಯನ ನೆನಪಿಗೆ ಎದ್ದಿತು. ಅನಂತರ ತನ್ನ ಗಿಲ್ಡ್‌ನ, ಅಂದರೆ ಆಟದಲ್ಲಿ ಗೆಳೆಯರೊಂದಿಗಿದ್ದ ತಂಡದ, ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಳ್ಳುತ್ತಾನೆ, ಐನ್ಜ್ ಊಲ್ ಗೌನ್ ಅಂತ. ಗೆಳೆಯರು ಈ ಲೋಕದಲ್ಲಿ ಎಲ್ಲಾದರೂ ಇದ್ದರೆ ಹೆಸರು ಕಿವಿಗೆ ಬಿದ್ದು ಹುಡುಕಿಕೊಂಡು ಬಂದಾರು ಎಂಬ ಆಸೆ. ಮುಂದೆ ರಾಜ್ಯಗಳು ಬಿದ್ದು ಸಾಮ್ರಾಜ್ಯ ಏಳುವ ಕತೆಯ ತಳದಲ್ಲಿ ಇರುವುದು ಇಷ್ಟೇ ಇಷ್ಟು.

ಹೀಗೆ ಹುಡುಕಿದರೆ ಪ್ರತಿಯೊಬ್ಬರಲ್ಲೂ ಒಂದು ಮೋಹ ಸಿಗುತ್ತದೆ. ಕಾರ್ಲೋ ಜೆನ್ ಬರೆದ ‘ಯೋಜೋ ಸೆಂಕಿ’ಯ ತಾನ್ಯಾಳಿಗೆ ಬೇಕಾದದ್ದು ಯುದ್ಧಭೂಮಿಯಿಂದ ದೂರದ ಸುರಕ್ಷಿತ ಕುರ್ಚಿ, ಕಾಲಕಾಲಕ್ಕೆ ಬಡ್ತಿ. ಮಿಯಾ ಕಜುಕಿಯ ‘ಅಸೆಂಡೆನ್ಸ್ ಆಫ್ ಎ ಬುಕ್‌ವರ್ಮ್’ನಲ್ಲಿ ಭೂಕಂಪದಲ್ಲಿ ಪುಸ್ತಕಗಳಡಿ ಸಿಕ್ಕಿ ಸತ್ತ ಹುಡುಗಿ, ಕಾಗದವೇ ದುಬಾರಿಯಾದ ನಗರದಲ್ಲಿ ಕಾವಲುಗಾರನೊಬ್ಬನ ಕಾಯಿಲೆಯ ಮಗಳು ಮೈನ್ ಆಗಿ ಏಳುತ್ತಾಳೆ. ಹೊಸ ಅಪ್ಪ ಅಮ್ಮ, ಮನೆ, ಊರು ಯಾವುದೂ ಅವಳಿಗೆ ಮೊದಮೊದಲು ತನ್ನದಲ್ಲ, ಅವಳಿಗೆ ಬೇಕಾದದ್ದು ಪುಸ್ತಕ. ಜೇಡಿಮಣ್ಣಿನ ಹಲಗೆ ಮಾಡುತ್ತಾಳೆ, ಒಲೆಯಲ್ಲಿಟ್ಟಾಗ ಅದು ಸಿಡಿಯುತ್ತದೆ. ಮರದ ಪಟ್ಟಿಗಳ ಮೇಲೆ ಬರೆದಿಟ್ಟರೆ ಅಮ್ಮ ಸೌದೆಯೆಂದು ಉರಿಸಿಬಿಡುತ್ತಾಳೆ. ಆಗ ಮೈನ್‌ಗೆ ಬರುವ ಸಿಟ್ಟು ನೋಡಬೇಕು. ಲೋಕವನ್ನು ಹಚ್ಚಿಕೊಳ್ಳದವರಿಗೆ ಸಿಟ್ಟೇ ಬರುವುದಿಲ್ಲ ಎಂದು ಯಾರು ಹೇಳಿದ್ದು?

ಈಗ ಗೀತೆಯ ವಾದಕ್ಕೆ ಬರೋಣ. ನಿಮ್ಮ ಪರವಾಗಿ ಮಾತಾಡಿದವರಿಗೆ ಬೇಸರವಾಗದಿರಲಿ, ಆದರೆ ಇದು ಆ ನಿರ್ಲಿಪ್ತತೆಯಲ್ಲ. ಸ್ಥಿತಪ್ರಜ್ಞನಿಗೆ ಫಲದ ಆಸೆಯಿಲ್ಲ. ಈ ನಾಯಕರಿಗೆ ಇರುವುದೇ ಫಲದ ಆಸೆ, ದಾರಿಯಲ್ಲಿ ಸಿಕ್ಕವರ ಮೇಲೆ ಮಾತ್ರ ಗಮನವಿಲ್ಲ. ನಮ್ಮಲ್ಲೇ ಹೋಲಿಕೆ ಬೇಕಿದ್ದರೆ ಚಾಮರಸನ ‘ಪ್ರಭುಲಿಂಗಲೀಲೆ’ ತೆಗೆಯಿರಿ. ವಜ್ರದೇಹ ಸಾಧಿಸಿದ ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಕತ್ತಿ ಖಣಿಲ್ ಎನ್ನುತ್ತದೆ, ಗಾಯವಿಲ್ಲ. ಅದೇ ಕತ್ತಿಯನ್ನು ಗೋರಕ್ಷ ಅಲ್ಲಮನ ಮೇಲೆ ಬೀಸಿದರೆ ಬಯಲಲ್ಲಿ ಆಡಿದ ಹಾಗೆ ಆ ಕಡೆ ಹೋಗುತ್ತದೆ, ತಾಗಲು ಅಲ್ಲೇನೂ ಇಲ್ಲ. ಇಸೆಕೈ ನಾಯಕರೆಲ್ಲ ಗೋರಕ್ಷನ ಕಡೆಯವರು. ಪೆಟ್ಟು ತಾಗುತ್ತದೆ, ನೋವಾಗುವುದಿಲ್ಲ, ಆ ಶಕ್ತಿಯನ್ನು ಕಳೆದುಕೊಳ್ಳುವ ಇಷ್ಟವೂ ಇಲ್ಲ. ನಿಮ್ಮ ಆಡಿಟರ್ ಅಲ್ಲಮನಾಗಲು ಹೊರಟರೆ ಧಾರಾವಾಹಿ ಮೂರನೇ ಕಂತಿಗೆ ಮುಗಿಯುತ್ತದೆ!

‘ಇದೆಲ್ಲ ಈಗಿನ ಜಪಾನಿ ಹುಡುಗರ ಪಲಾಯನ’ ಎನ್ನುವ ಇನ್ನೊಂದು ಮಾತನ್ನೂ ನೀವು ಕೇಳಿರುತ್ತೀರಿ. ಮಾರ್ಕ್ ಟ್ವೈನ್ 1889ರಲ್ಲೇ ‘ಎ ಕನೆಕ್ಟಿಕಟ್ ಯಾಂಕಿ ಇನ್ ಕಿಂಗ್ ಆರ್ಥರ್ಸ್ ಕೋರ್ಟ್’ ಕಾದಂಬರಿಯಲ್ಲಿ ಹಾರ್ಟ್‌ಫರ್ಡ್‌ನ ಬಂದೂಕು ಕಾರ್ಖಾನೆಯ ಮೇಸ್ತ್ರಿಯೊಬ್ಬನ ತಲೆಗೆ ಕಬ್ಬಿಣದ ಸಲಾಕಿಯ ಪೆಟ್ಟು ಹಾಕಿಸಿ ಆರ್ಥರ್ ರಾಜನ ಕಾಲಕ್ಕೆ ಕಳಿಸಿದ್ದ. ಆ ಹ್ಯಾಂಕ್ ಮಾರ್ಗನ್, ತಾನು ವ್ಯವಹಾರದ ಮನುಷ್ಯ, ಭಾವುಕತೆ ತನಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದು ಆರಂಭದಲ್ಲೇ ಹೇಳಿಕೊಳ್ಳುತ್ತಾನೆ. ಶಾಲೆ, ಟೆಲಿಫೋನು, ಪತ್ರಿಕೆ, ಎಲ್ಲವನ್ನೂ ಆರನೇ ಶತಮಾನದ ಇಂಗ್ಲೆಂಡಿಗೆ ತರುತ್ತಾನೆ. ಕೊನೆಗೆ 52 ಹುಡುಗರನ್ನು ಕಟ್ಟಿಕೊಂಡು, ವಿದ್ಯುತ್ ಬೇಲಿ ಮತ್ತು ಗ್ಯಾಟ್ಲಿಂಗ್ ಬಂದೂಕುಗಳಿಂದ 25,000 ಜನರನ್ನು ಕೊಲ್ಲುತ್ತಾನೆ. ಆಮೇಲೆ ಆ ಹೆಣಗಳ ರಾಶಿಯ ನಡುವಿನಿಂದ ಹೊರಬರಲಾಗದೆ, ಕೊಳೆತ ಗಾಳಿಗೆ ಅವನ ಹುಡುಗರು ಕಾಯಿಲೆ ಬೀಳುತ್ತಾರೆ. ಇದನ್ನು ಒಮ್ಮೆ ಓದಿ. ನಿಮ್ಮ ಕತೆಯ ಮುತ್ತಜ್ಜ ಅದು, ಕೊನೆಯ ಅಧ್ಯಾಯಗಳಲ್ಲಿ ಈಗಿನ ಬಹುತೇಕ ಕತೆಗಳಿಗಿಂತ ಧೈರ್ಯವಾಗಿ ನಡೆದುಕೊಂಡಿದೆ.

ಹಾಗಾದರೆ ಈ ನಾಯಕರು ಯಾಕೆ ಹೀಗೆ? ಒಂದು ಕಾರಣ ಕತೆಯೊಳಗಿದೆ: ಅವರು ಈಗಾಗಲೇ ಒಮ್ಮೆ ಸತ್ತಿದ್ದಾರೆ, ಅಥವಾ ಕಣ್ಣೆದುರಿನ ಲೋಕ ನೆನ್ನೆಯವರೆಗೂ ಅವರಿಗೆ ಆಟವಾಗಿತ್ತು. ಎದುರಿಗಿರುವವನು ನಿಜವಾದ ಮನುಷ್ಯನೋ ಕಂಪ್ಯೂಟರ್ ನಡೆಸುವ ಎನ್‌ಪಿಸಿಯೋ ಎಂಬ ಅನುಮಾನ ಒಂದೇ ದಿನದಲ್ಲಿ ಹೋಗುವುದಿಲ್ಲ. ಇನ್ನೊಂದು ಕಾರಣ ಕಚೇರಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ನಿಮ್ಮ ಆಡಿಟರ್‌ಗೂ ಇದು ತಾಗುತ್ತದೆ. ತಾನ್ಯಾ ಹಿಂದಿನ ಜನ್ಮದಲ್ಲಿ ಟೋಕಿಯೊದ ಕಂಪನಿಯೊಂದರ ಮಾನವ ಸಂಪನ್ಮೂಲ ವಿಭಾಗದವನು. ನೌಕರನೊಬ್ಬನನ್ನು ಕೆಲಸದಿಂದ ತೆಗೆಯುವಾಗ ಅವನಿಗೆ ಅಯ್ಯೋ ಅನ್ನಿಸುವುದಿಲ್ಲ. ನಿಯಮವಿದೆ, ಪಾಲಿಸಿದೆ, ಮುಗಿಯಿತು. ಆ ನೌಕರ ರೈಲು ನಿಲ್ದಾಣದಲ್ಲಿ ಅವನನ್ನು ಹಳಿಗೆ ತಳ್ಳುತ್ತಾನೆ. ಹೊಸ ಜನ್ಮದಲ್ಲಿ ಜರ್ಮನಿಯನ್ನು ಹೋಲುವ ಸಾಮ್ರಾಜ್ಯದ ಅನಾಥ ಹುಡುಗಿಯಾದ ಮೇಲೂ ಅದೇ ಕಡತದ ಬುದ್ಧಿ ಮುಂದುವರಿಯುತ್ತದೆ. ಹೊಸ ಲೋಕ ಅವಳನ್ನು ಕಲ್ಲು ಮಾಡಲಿಲ್ಲ, ಹಳೆಯ ಉದ್ಯೋಗವೇ ಮಾಡಿತ್ತು. ನಿಮ್ಮ ನಾಯಕನ ಲೆಕ್ಕ ತಪಾಸಣೆಯ ದಿನಗಳು ನಿಮ್ಮ ಕತೆಯಲ್ಲಿ ಎರಡೇ ಸಾಲಿನಲ್ಲಿ ಮುಗಿದಿದ್ದರೆ, ಓದುಗರಿಗೆ ಅವನ ಮೌನದ ಮೂಲ ತಿಳಿಯುವುದಾದರೂ ಹೇಗೆ?

ಮೂರನೆಯದು ಮಾಧ್ಯಮದ ಹಂಗು. 2004ರಲ್ಲಿ ಶುರುವಾದ ‘ಶೋಸೆತ್ಸುಕಾ ನಿ ನಾರೋ’ ತಾಣದಲ್ಲಿ ಯಾರು ಬೇಕಾದರೂ ಕಂತು ಹಾಕಬಹುದು, ಓದುಗರ ಅಂಕಗಳ ಮೇಲೆ ರ್‍ಯಾಂಕಿಂಗ್ ನಿಲ್ಲುತ್ತದೆ. ಮೈನ್‌ಳ ಕತೆ 2013ರಿಂದ 2017ರವರೆಗೆ ಬಂದದ್ದೂ ಅಲ್ಲಿಯೇ. ಇಸೆಕೈ ಎಷ್ಟು ಹೆಚ್ಚಿತೆಂದರೆ 2016ರಲ್ಲಿ ಅದಕ್ಕೆ ಪ್ರತ್ಯೇಕ ರ್‍ಯಾಂಕಿಂಗ್ ಮಾಡಬೇಕಾಯಿತು. ಬೇಗ ಬೇಗ ಕಂತು ಬೇಡುವ ಕಡೆ, ಪ್ರತಿ ಸಾವಿಗೂ ನಾಲ್ಕು ಕಂತು ಅಳುವ ನಾಯಕ ಕತೆಯನ್ನು ನಿಲ್ಲಿಸಿಬಿಡುತ್ತಾನೆ. ನೀವೂ ಕಂತು ಬರೆಯುತ್ತಿರುವವರು, ಇದು ಗೊತ್ತಿರುತ್ತದೆ.

ನಿಮ್ಮ ಮುಖ್ಯ ಪ್ರಶ್ನೆ: ಹಚ್ಚಿಕೊಳ್ಳದವನು ಲೋಕ ಬದಲಿಸುವುದು ನಂಬುವಂಥದ್ದೇ? ನನ್ನ ಅನುಭವದಲ್ಲಿ, ಅವನೊಬ್ಬನೇ ಬದಲಿಸಿದರೆ ನಂಬಿಕೆ ಬರುವುದಿಲ್ಲ. ಅವನ ಮಾತನ್ನು ಸುತ್ತಲಿನವರು ಅರ್ಥಮಾಡಿಕೊಂಡ ರೀತಿಯಿಂದ ಬದಲಾದರೆ ಕಣ್ಣುಮುಚ್ಚಿ ನಂಬುತ್ತಾರೆ. ಐನ್ಜ್ ಒಂದು ರಾತ್ರಿ ಆಕಾಶ ನೋಡುತ್ತಾ, ಈ ಲೋಕವನ್ನು ಗೆದ್ದರೂ ಚೆನ್ನಾಗಿರುತ್ತದೆ ಎಂಬಂಥ ಒಂದು ಹಗುರ ಮಾತಾಡುತ್ತಾನೆ. ಪಕ್ಕದಲ್ಲಿದ್ದ ಅವನ ಸೇವಕ ಡಿಮಿಯರ್ಜ್ ಅದನ್ನು ಆಜ್ಞೆಯೆಂದು ತೆಗೆದುಕೊಳ್ಳುತ್ತಾನೆ. ಅಲ್ಲಿಂದ ಮುಂದಿನ ಸಂಪುಟಗಳು ಆ ತಪ್ಪು ಗ್ರಹಿಕೆಯ ಮೇಲೆ ನಡೆಯುತ್ತವೆ. ಒಡೆಯನಿಗೆ ಯೋಜನೆಯೇ ಗೊತ್ತಿಲ್ಲ, ಗೊತ್ತಿಲ್ಲವೆಂದು ಒಪ್ಪಿಕೊಳ್ಳುವಂತೆಯೂ ಇಲ್ಲ. ಅಭಿಮಾನಿಗಳು ‘ಸಾಸುಗ’ (ಎಷ್ಟಾದರೂ ನೀವೇ ಅಲ್ಲವೇ!) ಎಂದು ನಗುವುದು ಇದಕ್ಕೇ. ತಾನ್ಯಾಳದ್ದೂ ಇದೇ ಪಾಡು. ಯುದ್ಧ ಕಾಲೇಜಿನ ಗ್ರಂಥಾಲಯದಲ್ಲಿ ಜೆಟ್ಟೂರ್ ಎಂಬ ಹಿರಿಯ ಅಧಿಕಾರಿ ಸಿಗುತ್ತಾನೆ, ಈ ಯುದ್ಧ ಹೇಗೆ ಸಾಗೀತು ಎಂದು ಕೇಳುತ್ತಾನೆ. ಹಿಂದಿನ ಜನ್ಮದ ಇತಿಹಾಸದ ಪಾಠ ನೆನೆದು ಅವಳು ತಣ್ಣಗೆ ಒಪ್ಪಿಸುತ್ತಾಳೆ: ಇದು ಜಗತ್ತಿನ ಯುದ್ಧವಾಗುತ್ತದೆ, ಗೆಲ್ಲುವುದಕ್ಕಿಂತ ಸೋಲದಿರುವುದು ಮುಖ್ಯ, ಎದುರಾಳಿಯ ರಕ್ತ ಬಸಿಯಬೇಕು, ಚುರುಕಾಗಿ ಓಡಾಡುವ ಮಾಂತ್ರಿಕರ ತುಕಡಿ ಬೇಕು. ಒಳ್ಳೆಯ ಉತ್ತರ ಕೊಟ್ಟರೆ ಹಿಂದಿನ ಸಾಲಿನಲ್ಲಿ ಒಳ್ಳೆಯ ಹುದ್ದೆ ಸಿಗುತ್ತದೆಂಬುದು ಅವಳ ಲೆಕ್ಕ. ಅವನು ಆ ಮಾತನ್ನು ನಿಜವಾಗಿಯೂ ನಂಬುತ್ತಾನೆ. ತುಕಡಿ ಹುಟ್ಟುತ್ತದೆ, ಅದರ ಮುಂದಾಳು ಅವಳೇ. ಸಂದರ್ಶನದಲ್ಲಿ ಜಾಣತನ ತೋರಿಸಲು ಹೋದವಳ ಉತ್ತರ ಒಂದು ಖಂಡದ ಯುದ್ಧನೀತಿಯಾಗುತ್ತದೆ.

ಕೆಲವೊಮ್ಮೆ ಮಾತೂ ಬೇಕಾಗಿಲ್ಲ, ಅಲಕ್ಷ್ಯದಿಂದ ಕೊಟ್ಟ ವಸ್ತು ಸಾಕು. ಕಾರ್ನೆಯ ಎನ್ರಿ ಎಂಬ ಹುಡುಗಿಗೆ ಐನ್ಜ್ ಎರಡು ಕೊಂಬುಗಳನ್ನು ಕೊಟ್ಟು ಹೋಗುತ್ತಾನೆ. ಅವನ ಲೆಕ್ಕದಲ್ಲಿ ಅವು ಕಸ. ಮುಂದೆ ಎಷ್ಟೋ ಸಂಪುಟಗಳ ನಂತರ ಹಳ್ಳಿಗೆ ಮುತ್ತಿಗೆ ಬಿದ್ದಾಗ ಅವಳು ಎರಡನೆಯದನ್ನು ಊದುತ್ತಾಳೆ, 5,000 ಗಾಬ್ಲಿನ್‌ಗಳ, ಅಂದರೆ ಕುಳ್ಳ ರಾಕ್ಷಸರ, ಸೈನ್ಯ ಎದ್ದು ನಿಲ್ಲುತ್ತದೆ. ರೈತಾಪಿ ಹುಡುಗಿ ಒಂದೇ ದಿನದಲ್ಲಿ ದಂಡನಾಯಕಿ.

ಇನ್ನು ಮೈನ್‌ಳ ನಗರದಲ್ಲಿ ಬದಲಾವಣೆಗೆ ಬೆಲೆ ತೆರುವವರೂ ಕಾಣುತ್ತಾರೆ. ಅವಳಿಗೆ ಪುಸ್ತಕ ಬೇಕಿತ್ತು, ಗಿಡದ ನಾರಿನಿಂದ ಕಾಗದ ಮಾಡಿದಳು. ಚರ್ಮದ ಹಾಳೆ ಮಾಡುವವರ ಸಂಘ ಬೆನ್ನೋ ಎಂಬ ವ್ಯಾಪಾರಿಯ ಮೇಲೆ ಎರಗುತ್ತದೆ. ಕರಾರುಪತ್ರಗಳೆಲ್ಲ ಚರ್ಮದ ಹಾಳೆಯಲ್ಲೇ ಇರಲಿ, ಉಳಿದದ್ದಕ್ಕೆ ಹೊಸ ಕಾಗದ ಎಂಬ ರಾಜಿಯಾಗುತ್ತದೆ. ನನಗೆ ಈ ರಾಜಿ ಎಷ್ಟೋ ಮಾಯಾಯುದ್ಧಗಳಿಗಿಂತ ರೋಚಕ ಅನ್ನಿಸುತ್ತದೆ. ಹೊಸ ವಸ್ತು ಬಂದಾಗ ಯಾರ ಅನ್ನಕ್ಕೆ ಕುತ್ತು ಬರುತ್ತದೆ ಅನ್ನುವುದನ್ನು ಕತೆಗಾರ್ತಿ ಮರೆತಿಲ್ಲ.

ಈಗ ನಿಮ್ಮ 22ನೇ ಕಂತು. ‘ಸರಿ, ಮುಂದೆ?’ ಎಂಬ ಸಾಲನ್ನು ತೆಗೆಯಬೇಡಿ, ಇಡೀ ಕತೆಯಲ್ಲಿ ನಿಮಗೆ ಸಿಕ್ಕ ಚಿನ್ನ ಅದು. ಕೆಟ್ಟದ್ದು ಅದರ ನಂತರದ ಖಾಲಿ ಜಾಗ. ಹೆಣದ ಸುತ್ತ ನೆರೆದ ಊರವರು ಆ ಮಾತನ್ನು ಕೇಳಿಸಿಕೊಂಡೇ ಇಲ್ಲವೇನೋ ಎಂಬಂತೆ ಕಂತು ಮುಗಿಯುತ್ತದೆ. ಗೌಡ ಸತ್ತಿದ್ದಾನೆ, ಎಲ್ಲರೂ ಭಯಭಕ್ತಿಯಿಂದ ನೋಡುವ ಹೊರಗಿನವನು ‘ಮುಂದೆ?’ ಅನ್ನುತ್ತಾನೆ. ಅವನು ಕೇಳಿದ್ದು ಮುಂದಿನ ಕಣಜದ ಲೆಕ್ಕ. ಊರವರ ಕಿವಿಗೆ ಬಿದ್ದದ್ದು ‘ಮುಂದಿನ ಗೌಡ ಯಾರು?’ ಎಂದಾದರೆ? ದೊಡ್ಡ ಮಗ ತಲೆ ಎತ್ತುತ್ತಾನೆ, ಚಿಕ್ಕ ಮಗ ಅವನ ಮುಖ ನೋಡುತ್ತಾನೆ, ಸೋದರಮಾವಂದಿರು ಎರಡು ಕಡೆಗೆ ಸರಿದು ನಿಲ್ಲುತ್ತಾರೆ. ನಾಯಕ ಅಷ್ಟರಲ್ಲಿ ಕಣಜದ ಬಾಗಿಲಿಗೆ ಹೋಗಿಯಾಗಿದೆ. ಬೈದ ಓದುಗರೇ ಮುಂದಿನ ಕಂತಿಗೆ ಕಾಯುತ್ತಾರೆ.

ಇನ್ನು ನಾಯಕನನ್ನು ಮೆತ್ತಗೆ ಮಾಡುವುದು. ಮಾಡಬಹುದು, ನಾನು ಬೇಡವೆನ್ನುತ್ತೇನೆ. ಬೈಗುಳ ಬಂದ ಮರುವಾರವೇ ನಾಯಕ ಕಣ್ಣೀರು ಹಾಕಿದರೆ ಬೈದವರಿಗೆ ಸಮಾಧಾನ ಆಗುವುದಿಲ್ಲ, ಇಷ್ಟಪಟ್ಟವರು ಎದ್ದು ಹೋಗುತ್ತಾರೆ. ನಿಧಾನವಾಗಿ ಕರಗಿಸುವುದಾದರೆ ಮೈನ್‌ಳ ದಾರಿ ನೋಡಿ. ಅವಳ ಜೊತೆಗಾರ ಲುಟ್ಜ್, ನೀನು ಆ ಹಳೆಯ ಮೈನ್ ಅಲ್ಲ, ಅವಳನ್ನು ಏನು ಮಾಡಿದೆ ಎಂದು ಎದುರಿಗೇ ಕೇಳುತ್ತಾನೆ. ಅಷ್ಟು ಕಂತುಗಳವರೆಗೆ ಓದುಗರು ಕೇಳಬೇಕೆಂದುಕೊಂಡಿದ್ದನ್ನು ಒಬ್ಬ ಚಿಕ್ಕ ಹುಡುಗ ಕೇಳುತ್ತಾನೆ. ಅಲ್ಲಿ ಅವಳು ಕರಗಿದರೆ ನಂಬಿಕೆ ಬರುತ್ತದೆ, ಕರಗಿಸಲು ಎದುರಿಗೊಬ್ಬರು ಇದ್ದಾರೆ. ಇದರ ಅಪಾಯವೆಂದರೆ ಒಮ್ಮೆ ಕರಗಿದವಳು ಮತ್ತೆ ಗಟ್ಟಿಯಾಗುವುದಿಲ್ಲ. ಅಲ್ಲಿಂದ ಮುಂದೆ ನೀವು ಬರೆಯುವುದು ಬೇರೆ ಜಾತಿಯ ಕತೆ.

ನಾನಾದರೆ ಮೊದಲು ಆಡಿಟರ್‌ನ ಮೋಹ ಯಾವುದೆಂದು ಹುಡುಕುತ್ತೇನೆ. ಅದು ನಿಮ್ಮ ಕತೆಯಲ್ಲಿ ಈಗಾಗಲೇ ಇದೆ: ತಪ್ಪು ಲೆಕ್ಕವನ್ನು ಅವನ ಕಣ್ಣು ಸಹಿಸುವುದಿಲ್ಲ. ಮನುಷ್ಯ ಸತ್ತರೆ ಪರವಾಗಿಲ್ಲ, ಕೂಡಿಸಿದ್ದು ತಾಳೆಯಾಗಬೇಕು. ಇದನ್ನು ಎತ್ತಿ ಮುಂದೆ ತನ್ನಿ, ಅದಕ್ಕೆ ಬಾಲ್ಯದ ದುಃಖವೊಂದನ್ನು ಅಂಟಿಸಲು ಮಾತ್ರ ಹೋಗಬೇಡಿ. ಹಾಗೆ ಅಂಟಿಸಿದ ಹಸ್ತಪ್ರತಿಗಳನ್ನು ನೋಡಿ ನೋಡಿ ಸಾಕಾಗಿದೆ. ನಮ್ಮ ಕಣಗಳಲ್ಲಿ ರಾಶಿ ಅಳೆಯುವವರು ಮೊದಲ ಕೊಳಗಕ್ಕೆ ‘ಒಂದು’ ಅನ್ನದೆ ‘ಲಾಭ’ ಎಂದು ಎಣಿಕೆ ಶುರುಮಾಡುವ ರೂಢಿ ನಿಮಗೆ ಊರಿನಲ್ಲಿ ಗೊತ್ತಿರಬೇಕು. ನಿಮ್ಮ ನಾಡಿನಲ್ಲೂ ಅಂಥದೊಂದು ಇರಲಿ. ನಾಯಕ ಅದನ್ನು ಕೇಳಿ ಮುಖ ಸಿಂಡರಿಸಿ, ಪುಸ್ತಕದಲ್ಲಿ ‘ಲಾಭ’ ಹೊಡೆದುಹಾಕಿ 1 ಎಂದು ಬರೆಯುತ್ತಾನೆ. ಅವನಿಗೆ ಅದು ತಿದ್ದುಪಡಿ. ಮೂರು ತಲೆಮಾರಿನಿಂದ ರಾಶಿ ಅಳೆಯುತ್ತಾ ಬಂದ ಮುದುಕನಿಗೆ ಅದು ಏನು? ಆ ವರ್ಷ ಮಳೆ ಕೈಕೊಟ್ಟರೆ ಊರು ಯಾರನ್ನು ದೂರುತ್ತದೆ, ನಾಯಕನನ್ನೋ ಮುದುಕನನ್ನೋ? ನನ್ನ ಅಂದಾಜು, ಮುದುಕನನ್ನು.

ಆ ಮುದುಕನ ಕಣ್ಣಿನಿಂದಲೇ ಒಂದು ಇಡೀ ಕಂತು ಬರೆಯುವುದು ಇನ್ನೊಂದು ದಾರಿ. ಮಾರುಯಾಮಾ ಇದನ್ನು ಪದೇಪದೇ ಮಾಡುತ್ತಾನೆ. ಏಳನೇ ಸಂಪುಟದಲ್ಲಿ ಹಣಕ್ಕಾಗಿ ನಜಾರಿಕ್‌ಗೆ ನುಗ್ಗುವ ಕೂಲಿ ಸಾಹಸಿಗರ ತಂಡವಿದೆ. ಅದರಲ್ಲಿ ಆರ್ಷೆ ಎಂಬ ಹುಡುಗಿಗೆ ಮನೆಯಲ್ಲಿ ಇಬ್ಬರು ಪುಟ್ಟ ತಂಗಿಯರು, ಸಾಲ ಮಾಡಿ ದರ್ಬಾರು ನಡೆಸುವ ಅಪ್ಪ. ನಾವು ಅವಳ ಜೊತೆಗೇ ಒಳಗೆ ಹೋಗುತ್ತೇವೆ. ಜೀವ ಉಳಿಸಿಕೊಳ್ಳಲು ತಂಡದ ನಾಯಕ ಒಂದು ಸುಳ್ಳು ಹೇಳುತ್ತಾನೆ, ಇಲ್ಲಿಗೆ ಬರಲು ನಮಗೆ ಒಬ್ಬರು ಅಪ್ಪಣೆ ಕೊಟ್ಟಿದ್ದಾರೆ ಎಂದು. ಆ ಒಬ್ಬರು ತನ್ನ ಗೆಳೆಯರಲ್ಲಿ ಯಾರೋ ಇರಬೇಕೆಂದು ಐನ್ಜ್ ಒಂದು ಕ್ಷಣ ನಂಬಿಬಿಡುತ್ತಾನೆ. ಸುಳ್ಳೆಂದು ತಿಳಿದಾಗ, ಏನೂ ಅನ್ನಿಸದ ಆ ಅಸ್ಥಿಪಂಜರಕ್ಕೆ ಬರುವ ಕೋಪ ಭಯ ಹುಟ್ಟಿಸುತ್ತದೆ. ತಂಡದಲ್ಲಿ ಯಾರೂ ಹೊರಗೆ ಬರುವುದಿಲ್ಲ. ತಂಗಿಯರು ಕಾಯುತ್ತಲೇ ಇರುತ್ತಾರೆ. ಹೀಗೆ ಬರೆದರೆ ಓದುಗರು ನಾಯಕನ ಮೇಲೆ ತಿರುಗಿಬೀಳುವುದು ಖಂಡಿತ, ಆ ಸಂಪುಟಕ್ಕೆ ಈಗಲೂ ಬೈಯುವವರಿದ್ದಾರೆ. ನಿಮಗೆ ಈಗ ಬಂದಿರುವ ಬೈಗುಳಕ್ಕಿಂತ ಅದು ಎಷ್ಟೋ ಮೇಲು, ಯಾಕೆಂದರೆ ಅದು ನಾಯಕನಿಗೆ ಬೀಳುತ್ತದೆ, ನಿಮಗಲ್ಲ.

ಹಾಸ್ಯಕ್ಕೆ ಹೊರಳುವ ಆಸೆಯೂ ನಿಮಗೆ ಬರಬಹುದು. ದೈಸುಕೆ ಐಜಾವಾನ ‘ದಿ ಎಮಿನೆನ್ಸ್ ಇನ್ ಶಾಡೋ’ ಹಾಗಿದೆ: ಸಿಡ್ ಎಂಬ ಹುಡುಗ ತೆರೆಮರೆಯ ಸೂತ್ರಧಾರನ ಆಟವಾಡಲು ಕಟ್ಟಿದ ಸುಳ್ಳು ಕತೆ ಅಲ್ಲಿನ ನಿಜವೇ ಆಗಿರುತ್ತದೆ. ಅವನು ಅರ್ಧಂಬರ್ಧ ನೆನಪಿನಿಂದ ಹೇಳಿದ ಚಾಕೊಲೇಟು ಗೀಕೊಲೇಟುಗಳಿಂದ ಅವನ ಹಿಂಬಾಲಕಿಯರು ದೊಡ್ಡ ವ್ಯಾಪಾರವನ್ನೇ ಕಟ್ಟಿಬಿಡುತ್ತಾರೆ. ಅವನಿಗೆ ಕೊನೆಯವರೆಗೂ ಅದೆಲ್ಲ ಆಟ. ನಗು ಬರುತ್ತದೆ, ಆದರೆ ಒಮ್ಮೆ ಆ ದಾರಿಗೆ ಇಳಿದರೆ ಗೌಡನ ಸಾವೂ ನಗೆಯಾಟವಾಗಬೇಕಾಗುತ್ತದೆ. ನಿಮ್ಮ ಕೈ ಅದಕ್ಕೆ ಹೊಂದುವಂತೆ ನನಗೆ ಕಾಣಲಿಲ್ಲ.

ನೀವು ಯಾವ ದಾರಿ ಹಿಡಿದರೂ ಒಂದು ಕಡೆ ಎಚ್ಚರ ಬೇಕು. ನಾಯಕನಿಗೆ ಏನೂ ಅನ್ನಿಸುವುದಿಲ್ಲವೆಂದು ಕತೆಯ ನಿರೂಪಣೆಗೂ ಏನೂ ಅನ್ನಿಸದಿದ್ದರೆ ಅಲ್ಲಿ ಸೋಲು. ಕಾಟ್ಜೆ ಬಯಲಿನ ಯುದ್ಧದಲ್ಲಿ ಐನ್ಜ್‌ನ ಒಂದು ಮಂತ್ರಕ್ಕೆ ಹತ್ತಾರು ಸಾವಿರ ಸೈನಿಕರು ನಿಂತಲ್ಲೇ ಸಾಯುತ್ತಾರೆ, ಆ ಹೆಣಗಳಿಗೆ ಬದಲಾಗಿ ಐದು ದೈತ್ಯ ಕಪ್ಪು ಪ್ರಾಣಿಗಳು ಹುಟ್ಟುತ್ತವೆ. ಐದು ಬಂದವಲ್ಲ, ಇದು ದಾಖಲೆ ಎಂದು ಅವನು ಹಿಗ್ಗುತ್ತಾನೆ. ಅದೇ ಹೊತ್ತಿಗೆ ಕತೆ ನಮ್ಮನ್ನು ಕೆಳಗೆ, ಓಡುತ್ತಿರುವವರ ನಡುವೆ ಇಟ್ಟಿರುತ್ತದೆ. ಮೇಲಿನವನ ಹಿಗ್ಗು, ಕೆಳಗಿನವರ ಕಿರುಚಾಟ ಎರಡೂ ಒಟ್ಟಿಗೆ ಇರುವುದರಿಂದಲೇ ಆ ಪುಟಗಳು ಮರೆಯುವುದಿಲ್ಲ. ಅನುಕರಿಸಿದವರು ಹಿಗ್ಗನ್ನು ಮಾತ್ರ ತೆಗೆದುಕೊಂಡರು.

ಕೊನೆಗೆ ಗುಲಾಮರು. ಜಪಾನಿ ವೆಬ್ ಕತೆಗಳಲ್ಲಿ ಇದು ಮಾಮೂಲು ಎನ್ನುವುದು ನಿಜ, ಅಲ್ಲೂ ಹೊರಗೂ ಇದಕ್ಕೆ ಟೀಕೆ ಬಂದದ್ದೂ ನಿಜ. 2019ರಲ್ಲಿ ‘ಶೀಲ್ಡ್ ಹೀರೋ’ ಅನಿಮೆ ಬಂದಾಗ ದೊಡ್ಡ ಜಗಳವೇ ಆಯಿತು. ಬರೆಯಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಕನ್ನಡದ ಓದುಗರಿಗೆ ಗುಲಾಮಗಿರಿ ಎಂದರೆ ಸಂತೆಯಲ್ಲಿ ಬೇಡಿ ಹಾಕಿ ನಿಲ್ಲಿಸಿದ ಬೆಕ್ಕಿನ ಕಿವಿಯ ಹುಡುಗಿಯ ಚಿತ್ರ ಬರುವುದಿಲ್ಲ, ಜೀತ ನೆನಪಾಗುತ್ತದೆ. ಅಜ್ಜ ತೆಗೆದ ಸಾಲಕ್ಕೆ ಮೊಮ್ಮಗ ದುಡಿಯುವುದು, ಬಡ್ಡಿ ತೀರದೆ ಅಸಲು ಅಲ್ಲಾಡದೆ ಇರುವುದು. 1976ರ ಕಾಯ್ದೆ ಜೀತದ ಸಾಲವನ್ನೇ ರದ್ದುಮಾಡಿತು, ಅದರ ನೆನಪು ಇನ್ನೂ ಹಸಿಯಾಗಿರುವ ಮನೆಗಳಲ್ಲಿ ನಿಮ್ಮ ಕತೆ ಓದುವವರಿದ್ದಾರೆ.

ಇಲ್ಲಿ ನಿಮ್ಮ ನಾಯಕ ಜಪಾನಿನ ನಾಯಕರಿಗಿಂತ ಒಂದು ಹೆಜ್ಜೆ ಮುಂದಿದ್ದಾನೆ, ನೀವೇ ಗಮನಿಸಿಲ್ಲ. ಜೀತ ನಿಂತಿರುವುದು ಲೆಕ್ಕದ ಪುಸ್ತಕದ ಮೇಲೆ, ಇವನು ಆಡಿಟರ್. ಒಡೆಯ ಪುಸ್ತಕ ತೆರೆದು ಇಬ್ಬರ ಬೆಲೆ ಹೇಳಲಿ. ನಾಯಕನಿಗೆ ಆ ಇಬ್ಬರ ಮುಖ ನೋಡಬೇಕೆಂದೇನೂ ಅನ್ನಿಸದಿರಲಿ. ಅವನು ಪುಟ ತಿರುಗಿಸಿ ಕೇಳಲಿ: ಅಸಲು ಇಲ್ಲಿದೆ, ಬಡ್ಡಿ ಇಲ್ಲಿದೆ, ಹದಿನೈದು ವರ್ಷ ದುಡಿದದ್ದರ ಜಮೆ ಎಲ್ಲಿದೆ? ಆ ಕಲಮೇ ಪುಸ್ತಕದಲ್ಲಿ ಇಲ್ಲ. ಬೆಲೆ ಕೊಟ್ಟು ಕೊಂಡರೆ ತಪ್ಪು ಲೆಕ್ಕಕ್ಕೆ ಅವನೇ ಸಹಿ ಹಾಕಿದ ಹಾಗೆ, ಅದು ಅವನಿಂದ ಸಾಧ್ಯವಿಲ್ಲ. ಕೆಂಪು ಶಾಯಿಯಲ್ಲಿ ಒಂದು ಗೀಟೆಳೆದು ಎದ್ದು ಹೋಗುತ್ತಾನೆ. ಆ ಗೀಟಿನ ಸುದ್ದಿ ಪಕ್ಕದ ಊರಿಗೆ ಮುಟ್ಟಿದಾಗ ಅಲ್ಲಿನ ಒಡೆಯರು ತಮ್ಮ ಪುಸ್ತಕಗಳನ್ನು ಬಚ್ಚಿಡುತ್ತಾರೋ ಸುಡುತ್ತಾರೋ ನೀವು ನಿರ್ಧರಿಸಿ. ಬಿಡುಗಡೆಯಾದ ಇಬ್ಬರಿಗೆ ಆ ರಾತ್ರಿ ಊಟ ಯಾರು ಹಾಕುತ್ತಾರೆ ಅನ್ನುವುದನ್ನೂ ನೀವೇ ನಿರ್ಧರಿಸಬೇಕು, ನಾಯಕನಿಗಂತೂ ಅದು ಹೊಳೆಯುವುದಿಲ್ಲ.

ಅವರಿಬ್ಬರಲ್ಲಿ ಒಬ್ಬಳು ಹುಡುಗಿಯಾಗಿದ್ದು, ಕೃತಜ್ಞತೆಗೆ ಅವನನ್ನು ಪ್ರೀತಿಸುವ ಯೋಜನೆ ನಿಮ್ಮ ಟಿಪ್ಪಣಿಯಲ್ಲಿ ಇದ್ದರೆ ಈಗಲೇ ಹೊಡೆದುಹಾಕಿ. ಊಟದ ಕಂತು ಬರೆದ ಮೇಲೆ ಬೇಕಿದ್ದರೆ ಕಳಿಸಿ, ನೋಡೋಣ.